ಅಧ್ಯಕ್ಷರು ಉಂಡ ಮೂರು ಮನೆ

ಅಧ್ಯಕ್ಷರು ನಮ್ಮ ಕೇರಿಗೆ ಮೂರು ಸಲ ಬಂದರು. ಮೊದಲ ಸಲ ನಮ್ಮ ಮನೆಯಲ್ಲಿ ಉಂಡರು, ಎರಡನೆಯ ಸಲ ಕ್ಷೌರದ ಬರ್ನಾಬನ ಮನೆಯಲ್ಲಿ, ಮೂರನೆಯ ಸಲ ಮಿರೇಲಕ್ಕನ ಮನೆಯಲ್ಲಿ. ಮೊದಲ ಎರಡು ಊಟದ ಸುದ್ದಿಯನ್ನು ಕೇರಿಯವರು ಯಾರು ಕೇಳಿದರೂ ಹೇಳುತ್ತಾರೆ. ಮೂರನೆಯದನ್ನು ಯಾರೂ ಹೇಳುವುದಿಲ್ಲ. ಆಗ ಮಿರೇಲಕ್ಕನನ್ನು ಬಿಟ್ಟರೆ ಆ ಮನೆಯ ಒಳಗೆ ಇದ್ದವಳು ನಾನೊಬ್ಬಳೇ ಆದ್ದರಿಂದ ನಾನು ಹೇಳುತ್ತೇನೆ.

ನಮ್ಮ ಕೇರಿ ಹೊಳೆಯ ಈಚೆ ದಡದಲ್ಲಿದೆ, ದೊಡ್ಡ ಊರು ಸೇತುವೆಯ ಆಚೆ. ಇಲ್ಲಿರುವವರೆಲ್ಲ ಎಲ್ಲಿಂದಲೋ ಬಂದವರು. ನನ್ನ ಅಪ್ಪ ಹಡಗಿನಲ್ಲಿ ಅಡುಗೆಯವನಾಗಿದ್ದವನು. ಒಂದು ಸಲ ಜ್ವರ ಬಂದು ಇಲ್ಲಿಳಿದ, ಹಡಗು ಅವನನ್ನು ಬಿಟ್ಟು ಹೋಯಿತು, ಅವನು ಊರಿಗೆ ಕಾಗದ ಬರೆದು ಅಮ್ಮನನ್ನು ಕರೆಸಿಕೊಂಡ. ಅಮ್ಮನ ಹೆಸರು ಗುಲಾಬಿ. ನನ್ನದು ಜಲಜ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡು ಬದುಕಿದೆವು.

ಹೊರಗಿನವರು ಯಾರಾದರೂ ಹಸಿದುಕೊಂಡು ಸೇತುವೆ ದಾಟಿ ಬಂದರೆ ನಮ್ಮ ಕೇರಿಯಲ್ಲಿ ಯಾವುದೋ ಒಂದು ಮನೆಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಬಂದವರು ಆ ಮನೆಯಲ್ಲಿ ಉಂಡು ಮುಗಿಸುವ ತನಕ ಅದು ಮುಚ್ಚುವುದಿಲ್ಲ. ಚಿಲಕ ಹಾಕಿದರೆ ಚಿಲಕ ಜಾರುತ್ತದೆ, ಕಲ್ಲು ಇಟ್ಟರೆ ಕಲ್ಲು ಸರಿಯುತ್ತದೆ. ಇದಕ್ಕೆ ನಾವು ಹೊಂದಿಕೊಂಡಿದ್ದೆವು. ಎಲ್ಲರೂ ಒಲೆಗೆ ಇಡುವಾಗ ಒಂದು ಹಿಡಿ ಹೆಚ್ಚು ಇಡುತ್ತಿದ್ದರು. ಹೊಸದಾಗಿ ಮದುವೆಯಾದವರು ನಡುಮನೆಗೆ ದಪ್ಪ ಪರದೆ ಹಾಕಿಸುತ್ತಿದ್ದರು. ಗಂಡ ಹೆಂಡಿರ ಜಗಳದ ನಡುವೆ ಬಾಗಿಲು ಕಿರ್ ಎಂದರೆ ಇಬ್ಬರೂ ಸುಮ್ಮನಾಗಿ ತಟ್ಟೆ ತೊಳೆಯಲು ಹೋಗುತ್ತಿದ್ದರು. ಒಂದು ಸಲ ಜಿಪುಣ ಕಾಸ್ಪರನ ಮನೆಯದು ತೆರೆದುಕೊಂಡಿತು. ಅವನು ಅತಿಥಿಗೆ ಒಣಗಿದ ರೊಟ್ಟಿಯ ಅಂಚು ಕೊಟ್ಟ. ಬಾಗಿಲು ಅರ್ಧ ಮುಚ್ಚಿ ನಿಂತುಬಿಟ್ಟಿತು. ಸಾರು ಮಾಡಿ ಬಡಿಸಿದ ಮೇಲೆಯೇ ಪೂರ್ತಿ ಮುಚ್ಚಿದ್ದು. ಯಾರ ಸರದಿ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದ ಸರದಿಯನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೂ ಆಗುತ್ತಿರಲಿಲ್ಲ.

ಅಧ್ಯಕ್ಷರು ಕಡಲಾಚೆಯ ಒಂದು ದೇಶದವರು. ಅವರಿಗೂ ನಮ್ಮ ಸರ್ಕಾರಕ್ಕೂ ಆಗುತ್ತಿರಲಿಲ್ಲ. ಅಲ್ಲಿನ ಗಣಿಗಳನ್ನು ನಮ್ಮ ಸಾಹುಕಾರರ ಕೈಯಿಂದ ಕಿತ್ತುಕೊಂಡು ಬಡವರಿಗೆ ಶಾಲೆ, ಆಸ್ಪತ್ರೆ ಕಟ್ಟಿಸಿದರಂತೆ. ಎದುರು ಮಾತಾಡಿದವರನ್ನು ಜೈಲಿಗೂ ಹಾಕಿದರಂತೆ. ದೊಡ್ಡ ಊರಿನ ಪತ್ರಿಕೆಗಳು ಅವರನ್ನು ಅವನು, ಇವನು ಎಂದೇ ಬರೆಯುತ್ತಿದ್ದವು. ಎಲ್ಲ ದೇಶಗಳ ಸಭೆ ಆ ವರ್ಷ ದೊಡ್ಡ ಊರಿನಲ್ಲಿ ಇತ್ತು. ಮೂರು ಹೋಟೆಲಿನವರು ಅವರಿಗೆ ಕೋಣೆ ಖಾಲಿ ಇಲ್ಲ ಎಂದರು. ಅವರು ಸಿಟ್ಟು ಮಾಡಿಕೊಂಡು, ಕಾರು ಬಿಟ್ಟು, ತಮ್ಮ ಜನರನ್ನು ಕರೆದುಕೊಂಡು ನಡೆದೇ ಸೇತುವೆ ದಾಟಿದರು. ನಮ್ಮ ಮನೆಯ ಬಾಗಿಲು ತೆರೆದುಕೊಂಡಿತು.

ಅಮ್ಮ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಬೂಟು ಹೊರಗೆ ಬಿಡಬೇಕು ಮಗಾ ಎಂದಳು. ದುಭಾಷಿ ಆ ಮಾತನ್ನು ದಾಟಿಸಲು ಹಿಂದೆ ಮುಂದೆ ನೋಡಿದ. ಆದರೆ ಅವರು ಅಮ್ಮನ ಬೆರಳು ನೋಡಿಯೇ ಬಗ್ಗಿ ಬೂಟಿನ ದಾರ ಬಿಚ್ಚಿದರು. ಕಾಲುಚೀಲ ಹೆಬ್ಬೆರಳಿನ ಹತ್ತಿರ ಹರಿದಿತ್ತು. ನೆಲದ ಮೇಲೆ ಕೂತು ಗಂಜಿ ಉಂಡರು, ಒಣಮೀನಿನ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ನಾವು ಮನೆಯೊಳಗೂ ಕೋಟು ಹಾಕಿಕೊಂಡಿರುವುದು ಯಾಕೆ ಎಂದು ಕೇಳಿದರು. ಇದ್ದಿಲು ಸಾಲದು, ಚಳಿಗಾಲದಲ್ಲಿ ಕೇರಿಯ ಮಕ್ಕಳು ಒಂದೊಂದು ಕಂಬಳಿಯಲ್ಲಿ ಮೂರು ಮೂರು ಜನ ಮಲಗುತ್ತಾರೆ ಎಂದಳು ಅಮ್ಮ. ಹೊರಡುವಾಗ ಅಮ್ಮನ ಮುಂದೆ ತಲೆ ಬಗ್ಗಿಸಿದರು. ಅಮ್ಮ ತಲೆಯ ಮೇಲೆ ಕೈಯಿಟ್ಟಳು. ಹಿಂಬಾಲಿಸಿ ಬಂದಿದ್ದ ಪತ್ರಿಕೆಯವರು ತೆಗೆದ ಆ ಫೋಟೋ ಮರುದಿನದ ಪತ್ರಿಕೆಯಲ್ಲಿ ಬಂತು. ಕೆಳಗೆ ಏನೇನೋ ಕೆಟ್ಟದಾಗಿ ಬರೆದಿದ್ದರು. ಅಮ್ಮ ಬರಹವನ್ನು ಕತ್ತರಿಸಿ ತೆಗೆದು ಫೋಟೋಕ್ಕೆ ಚೌಕಟ್ಟು ಹಾಕಿಸಿದಳು.

ಮುಂದಿನ ಚಳಿಗಾಲಕ್ಕೆ ಮೊದಲು ಅವರ ದೇಶದಿಂದ ಒಂದು ಹಡಗು ತುಂಬ ಕಲ್ಲಿದ್ದಲು ಬಂತು, ನಮ್ಮ ಕೇರಿಗೇ ಅಂತ. ಬಂದರಿನವರು ಇಳಿಸಲು ಬಿಡಲಿಲ್ಲ. ನಮ್ಮ ಹೆಂಗಸರು ಹೋಗಿ ಬಂದರಿನಲ್ಲಿ ಮೂರು ದಿನ ಕೂತರು. ಕೊನೆಗೆ ಬಿಟ್ಟರು. ಆಮೇಲೆ ಪ್ರತಿ ವರ್ಷ ಬಂತು. ಆ ಚಳಿಗಾಲದಿಂದ ನಮ್ಮ ಕೇರಿಯಲ್ಲಿ ಒಂದು ಮಗುವೂ ಎದೆ ಕಟ್ಟಿ ಸಾಯಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಾವು ಅವರನ್ನು ಬಹುವಚನದಲ್ಲಿ ಕರೆದದ್ದು ಸುಮ್ಮನೆ ಅಲ್ಲ.

ಮಿರೇಲಕ್ಕ ಮಾತ್ರ ಅವನು ಎನ್ನುತ್ತಿದ್ದಳು. ಅವಳು ಅದೇ ದೇಶದವಳು. ಅಧ್ಯಕ್ಷರು ಮೊದಲ ಸಲ ಬರುವುದಕ್ಕೆ ಒಂದು ವರ್ಷ ಮುಂಚೆ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದು ನಮ್ಮ ಎದುರಿನ ಮನೆಯಲ್ಲಿ ನಿಂತವಳು. ನಮ್ಮ ಅಂಗಡಿಯಲ್ಲಿ ನನ್ನ ಜೊತೆ ಇಸ್ತ್ರಿ ಮಾಡುತ್ತಿದ್ದಳು. ಇಡೀ ದಿನ ಎದುರುಬದುರು ನಿಂತು ಕೆಲಸ ಮಾಡುತ್ತ ಮಾಡುತ್ತ ಅವಳಿಗೆ ನಮ್ಮ ಮಾತು ಬಂತು, ನನಗೆ ಅವಳ ಮಾತು ಬಂತು. ಅವಳ ಗಂಡನ ಹೆಸರು ಆನ್ಸೆಲ್, ಶಾಲೆಯಲ್ಲಿ ಮಾಸ್ತರ. ಬಂದರಿನ ಕೂಲಿಗಳ ಪರವಾಗಿ ಬರೆದ ಒಂದು ಮನವಿಗೆ ಹನ್ನೊಂದು ಜನ ಸಹಿ ಹಾಕಿದ್ದರು, ಅವರಲ್ಲಿ ಅವನೂ ಒಬ್ಬ. ಮಧ್ಯಾಹ್ನ ಮಕ್ಕಳನ್ನು ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಪೊಲೀಸರು ಬಂದು, ಎರಡು ಮಾತು ಕೇಳಿ ಕಳಿಸುತ್ತೇವೆ ಎಂದು ಕರೆದುಕೊಂಡು ಹೋದರು. ಅಷ್ಟೇ. ಬದುಕಿದ್ದಾನೆ ಎಂದು ಯಾರೂ ಹೇಳಲಿಲ್ಲ, ಸತ್ತ ಎಂದೂ ಹೇಳಲಿಲ್ಲ. ಅವಳು ಅಲ್ಲಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ತಿರುಗಿ, ಕೊನೆಗೆ ಅವಳನ್ನೂ ಹುಡುಕತೊಡಗಿದ್ದಾರೆ ಎಂದು ಗೊತ್ತಾದಾಗ ಹಡಗು ಹತ್ತಿದ್ದಳು.

ಅಧ್ಯಕ್ಷರು ಮೊದಲ ಸಲ ಬಂದಾಗ ಅವಳು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಇಡೀ ದಿನ ಅಲ್ಲೇ ಇದ್ದಳು. ಎರಡನೆಯ ಸಲವೂ ಹಾಗೆಯೇ ಮಾಡಿದಳು. ಆ ಸಲ ಕೇರಿಯ ತುಂಬ ತೋರಣ ಕಟ್ಟಿದ್ದರು, ಬರ್ನಾಬ ಅವರ ಗಡ್ಡ ಸರಿಮಾಡಿ ಆ ಕತ್ತರಿಯನ್ನು ಗೋಡೆಗೆ ತೂಗುಹಾಕಿದ. ಕಲ್ಲಿದ್ದಲಿನಲ್ಲಿ ಅವಳ ಪಾಲು ಬಂದರೆ ಪಕ್ಕದ ಮನೆಗೆ ಸರಿಸಿಬಿಡುತ್ತಿದ್ದಳು. ಅಮ್ಮನಿಗೂ ಅವಳಿಗೂ ಇದರ ಬಗ್ಗೆ ಮಾತೇ ಆಗುತ್ತಿರಲಿಲ್ಲ. ಅಮ್ಮ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು, ಜ್ವರ ಬಂದರೆ ಕಷಾಯ ಕೊಡುತ್ತಿದ್ದಳು. ಅವಳು ಮನೆಗೆ ಬಂದಾಗ ಅಮ್ಮ ಗೋಡೆಯ ಫೋಟೋದ ಮೇಲೆ ಒಂದು ಟವೆಲು ಹಾಕುತ್ತಿದ್ದಳು, ಒಣಗಲು ಹಾಕಿದ ಹಾಗೆ. ಮಿರೇಲಕ್ಕ ಆ ಟವೆಲನ್ನು ನೋಡಿಯೂ ನೋಡದ ಹಾಗೆ ಕೂರುತ್ತಿದ್ದಳು. ಆದರೆ ಒಂದು ಸಲ ಅಮ್ಮ ನನ್ನ ಹತ್ತಿರ, ಅವರ ಕೆಳಗಿನವರು ಯಾರೋ ಮಾಡಿದ್ದಿರಬೇಕು, ಅವರಿಗೆ ಗೊತ್ತೇ ಇರಲಿಕ್ಕಿಲ್ಲ ಎಂದಳು. ನನಗೂ ಹಾಗೆ ನಂಬಲು ಇಷ್ಟವಿತ್ತು.

ಮೂರನೆಯ ಸಲ ಅವರು ಬರುವ ಸುದ್ದಿ ಇರಲಿಲ್ಲ. ದೊಡ್ಡ ಊರಿನಲ್ಲಿ ಮತ್ತೆ ನಡೆದ ಸಭೆ ಮುಗಿಸಿ ನೇರ ಹೊರಟುಹೋಗುತ್ತಾರೆ, ಮೈ ಸರಿಯಿಲ್ಲ ಎಂದು ಪತ್ರಿಕೆಯಲ್ಲಿತ್ತು. ಚಳಿ ಶುರುವಾಗಿದ್ದ ದಿನ, ಬೆಳಗಿನ ಹತ್ತು ಗಂಟೆ. ನಾನೂ ಮಿರೇಲಕ್ಕನೂ ಅವಳ ಮನೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದೆವು. ಅವಳ ಬಾಗಿಲು ಮೆಲ್ಲನೆ ತೆರೆದುಕೊಂಡಿತು. ಯಾರೋ ಪಾಪ ಹಸಿದವರು ಎಂದುಕೊಂಡು ಅವಳು ಎದ್ದು ಒಲೆ ಊದಿದಳು. ಆಮೇಲೆ ರಸ್ತೆಯಲ್ಲಿ ಜನರ ಸದ್ದು ಕೇಳಿತು, ಅಧ್ಯಕ್ಷರು ಬಂದರು ಎನ್ನುವ ಬರ್ನಾಬನ ದನಿ ಕೇಳಿತು. ಅವಳ ಕೈ ನಿಂತಿತು.

ಅಧ್ಯಕ್ಷರು ಕೋಲೂರಿಕೊಂಡು ಬಂದರು. ತುಂಬ ಇಳಿದುಹೋಗಿದ್ದರು, ಕೋಟು ಇನ್ನೊಬ್ಬರದರಂತೆ ಜೋಲುತ್ತಿತ್ತು. ಮನೆಯವರು ಕರೆಯದೆ ಅತಿಥಿ ಹೊಸ್ತಿಲು ದಾಟುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಹೊರಗೆ ನಿಂತರು. ಮಿರೇಲಕ್ಕ ಗೋಡೆಯ ಕಡೆ ತಿರುಗಿ ಕೂತಳು. ಕರೆಯಲಿಲ್ಲ. ಒಂದು ಗಂಟೆ ಹಾಗೇ ಹೋಯಿತು. ಹೊಳೆಯ ಮೇಲಿನ ಗಾಳಿ ನೇರ ಒಳಗೆ ಬಂದು ಅವಳ ಪಾತ್ರೆಗಳನ್ನೆಲ್ಲ ತಣ್ಣಗೆ ಮಾಡಿತು. ಕೇರಿಯವರು ಒಬ್ಬೊಬ್ಬರೇ ಬಂದು ದೂರದಲ್ಲಿ ನಿಂತರು. ಅವಳು ಯಾರು, ಅವಳ ಗಂಡನಿಗೆ ಏನಾಯಿತು ಎಂಬುದು ಅವರಿಗೆಲ್ಲ ಗೊತ್ತಿತ್ತು. ಬಂದ ಅತಿಥಿಗೆ ಗೊತ್ತಿರಲಿಲ್ಲ.

ಅಮ್ಮ ಬಂದಳು. ಅಧ್ಯಕ್ಷರನ್ನು ನೋಡಿ ಮಗಾ, ಎಷ್ಟು ಸೊರಗಿದ್ದಿ ಎಂದಳು. ಆಮೇಲೆ ಹೊಸ್ತಿಲಿನ ಈಚೆ ಬಂದು ಮಿರೇಲಕ್ಕನ ಪಕ್ಕ ಕೂತು, ಅಡುಗೆ ನಾನು ಮಾಡುತ್ತೇನೆ, ನೀನು ಒಳಗಿನ ಕೋಣೆಯಲ್ಲಿ ಮಲಗಿರು, ನೋಡುವುದೂ ಬೇಡ ಎಂದಳು. ಮಿರೇಲಕ್ಕ ಅಮ್ಮನ ಕೈಯನ್ನು ತನ್ನ ಮಡಿಲಿನಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಳು.

"ಬೇಡಮ್ಮ," ಎಂದಳು. "ಬಾಗಿಲು ನನ್ನದು. ಅಡುಗೆ ನಾನೇ ಮಾಡುತ್ತೇನೆ."

ಅಮ್ಮ ಹೊರಗೆ ಹೋದಳು. ಮಿರೇಲಕ್ಕ ಕಪ್ಪು ಕಾಳನ್ನು ಬೇಯಿಸಲು ಇಟ್ಟಳು, ಬಾಳೆಕಾಯಿಯನ್ನು ಕೆಂಡದ ಮೇಲೆ ಸುಟ್ಟಳು. ಅವರ ದೇಶದಲ್ಲಿ ಎಲ್ಲರ ಮನೆಯಲ್ಲೂ ಮಾಡುವ ಊಟ. ನಾನು ಸಹಾಯಕ್ಕೆ ನಿಂತವಳು ನನಗೇ ತಿಳಿಯದಂತೆ ಮೇಲಿನ ಹಲಗೆಯನ್ನು ನೋಡಿದೆ. ಅಲ್ಲಿ ಇಲಿ ಪಾಷಾಣದ ಡಬ್ಬಿ ಇತ್ತು. ಅವಳು ನನ್ನ ಕಣ್ಣು ಹೋದ ಕಡೆ ತಾನೂ ನೋಡಿದಳು. ಸಿಟ್ಟಾಗಲಿಲ್ಲ.

"ಹೆದರಬೇಡ ಜಲಜ," ಎಂದಳು. "ಅವನು ಸತ್ತರೆ ನಾನು ಇನ್ಯಾರನ್ನು ಕೇಳಲಿ?"

ಎಲ್ಲ ಆದ ಮೇಲೆ ತಟ್ಟೆಗೆ ಬಡಿಸಿ, ಒಳಗೆ ಬಾ ಎಂದು ಅವರ ಭಾಷೆಯಲ್ಲಿ ಕರೆದಳು. ತಮ್ಮ ಭಾಷೆ ಕೇಳಿ ಅವರ ಮುಖ ಅರಳಿತು. ಕಾವಲಿನವರನ್ನು ಹೊರಗೇ ನಿಲ್ಲಿಸಿ, ಬೂಟು ಬಿಚ್ಚಿ, ಕೋಲನ್ನು ಗೋಡೆಗೆ ಒರಗಿಸಿ ಕೂತರು. ತಟ್ಟೆ ನೋಡಿ ಕಣ್ಣು ತುಂಬಿಕೊಂಡರು. ತಮ್ಮ ತಾಯಿಯೂ ಬಾಳೆಕಾಯಿಯನ್ನು ಹೀಗೆ ಸಿಪ್ಪೆ ಸಮೇತ ಸುಡುತ್ತಿದ್ದಳು ಎಂದರು. ಯಾವ ಊರಿನವಳಮ್ಮ ನೀನು ಎಂದು ಕೇಳಿದರು. ಅವಳು ಊರಿನ ಹೆಸರು ಹೇಳಿದಳು. ಆ ಊರಿನ ಬಂದರು, ಚರ್ಚಿನ ಮೆಟ್ಟಿಲು, ಅಲ್ಲಿನ ಉಪ್ಪು ಗಾಳಿ ಎಲ್ಲ ನೆನಪಿದೆ ಎಂದು ಅವರು ಹೇಳುತ್ತಿದ್ದ ಹಾಗೆ ಅವಳು ಗಂಡನ ಹೆಸರನ್ನೂ ಹೇಳಿದಳು. ಅವನು ಯಾವ ಶಾಲೆಯಲ್ಲಿದ್ದ, ಯಾವ ದಿನ ಕರೆದುಕೊಂಡು ಹೋದರು, ಆ ದಿನ ಯಾವ ಅಂಗಿ ಹಾಕಿದ್ದ, ಎಲ್ಲವನ್ನೂ ಹೇಳಿದಳು. ದನಿ ಎತ್ತರಿಸಲಿಲ್ಲ. ಅಂಗಡಿಯಲ್ಲಿ ಯಾರ ಬಟ್ಟೆ ಎಷ್ಟು ಎಂದು ನನಗೆ ಹೇಳುವ ದನಿಯೇ ಅದು.

ಅವರು ತುತ್ತಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನೆನಪಿಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಹಾಗೆ ಹೇಳಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಆಮೇಲೆ ಅವರು ತಲೆ ಎತ್ತದೆ ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿದರು. ನನಗೆ ಅರ್ಥವಾಯಿತು. ನನ್ನ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟೆ.

ಮಿರೇಲಕ್ಕ ತೆರೆದ ಬಾಗಿಲಿನ ಕಡೆ ಕೈ ತೋರಿಸಿದಳು. ಅಲ್ಲಿ ಕೇರಿಗೆ ಕೇರಿಯೇ ನಿಂತಿತ್ತು, ಎಲ್ಲರಿಗಿಂತ ಮುಂದೆ ಅಮ್ಮ.

"ಅದನ್ನೇ ಇವರ ಮಾತಿನಲ್ಲಿ ಹೇಳು. ಇವರಿಗೂ ಕೇಳಲಿ."

ಅವರಿಗೆ ನಮ್ಮ ಮಾತು ಅಲ್ಪಸ್ವಲ್ಪ ಬರುತ್ತಿತ್ತು. ಮಗು ಕಲಿತ ಪಾಠ ಒಪ್ಪಿಸುವ ಹಾಗೆ, ಒಂದೊಂದೇ ಪದ ಹುಡುಕಿ ಹೇಳಿದರು. "ಹನ್ನೊಂದು ಜನ. ಮೂರು ವಾರ ಇಟ್ಟೆವು. ಆಮೇಲೆ ಗುಂಡು ಹಾಕಿದರು. ಆದೇಶಕ್ಕೆ ಸಹಿ ನನ್ನದು. ಹೆಸರು ಓದಿಯೇ ಸಹಿ ಮಾಡಿದೆ."

ಎಲ್ಲಿ ಹೂತರು ಎಂದು ಮಿರೇಲಕ್ಕ ಕೇಳಿದಳು. ಅದನ್ನೂ ಹೇಳಿದರು, ಊರಿನ ಉತ್ತರಕ್ಕೆ ಉಪ್ಪಿನ ಗದ್ದೆಗಳ ಆಚೆ ಎಂದು. ಅವಳು ತಲೆಯಾಡಿಸಿದಳು. ಅಂದರೆ ಅವಳು ಕಚೇರಿಯ ಬಾಗಿಲುಗಳಲ್ಲಿ ನಿಂತು ಬೇಡಿದ ಆ ಎರಡು ವರ್ಷವೂ, ಇಲ್ಲಿಗೆ ಬಂದು ಅಂಚೆಯವನ ದಾರಿ ಕಾದ ಏಳು ವರ್ಷವೂ ಅವಳ ಗಂಡ ಆ ಮಣ್ಣಿನಲ್ಲೇ ಇದ್ದ. ಅವಳು ಅದನ್ನು ಲೆಕ್ಕ ಹಾಕುತ್ತಿದ್ದಾಳೆ ಎಂದು ಅವಳ ತುಟಿ ನೋಡಿ ನನಗೆ ಗೊತ್ತಾಯಿತು.

"ಈಗ ಊಟ ಮಾಡು," ಎಂದಳು. "ನಾನು ಬಾಗಿಲು ಹಾಕಿಕೊಳ್ಳಬೇಕು."

ಅವರು ಉಂಡರು. ಮುಟ್ಟದೆ ಎದ್ದುಹೋಗಬಹುದಿತ್ತು, ಹೋಗಲಿಲ್ಲ. ಒಂದು ಕಾಳನ್ನೂ ಬಿಡದೆ ಉಂಡರು. ನುಂಗಲು ಕಷ್ಟವಾಗುತ್ತಿತ್ತು, ನಡುನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಮಿರೇಲಕ್ಕ ಎರಡು ಸಲ ನೀರು ಹಾಕಿದಳು. ಮುಗಿದ ಮೇಲೆ ಬೂಟು ಹಾಕಿಕೊಳ್ಳಲು ಬಗ್ಗಿದರು, ದಾರ ಕಟ್ಟಲು ಬೆರಳು ಕೇಳಲಿಲ್ಲ, ಹಾಗೆಯೇ ಎಳೆದುಕೊಂಡು ಹೊಸ್ತಿಲು ದಾಟಿದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ನಾನು ಒಳಗೇ ಉಳಿದೆ. ಮಿರೇಲಕ್ಕ ಆ ತಟ್ಟೆಯನ್ನು ತೊಳೆದು ಒರೆಸಿ ಅದರ ಜಾಗದಲ್ಲಿ ಇಟ್ಟಳು. ಆಮೇಲೆ ನೆಲದ ಮೇಲೆ ಮಲಗಿ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಸಂಜೆಯ ತನಕ ಅತ್ತಳು. ಏಳು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಗೆ ಆದದ್ದನ್ನು ಬರ್ನಾಬ ಆಮೇಲೆ ಹೇಳಿದ. ಅಧ್ಯಕ್ಷರು ಎಂದಿನಂತೆ ಅಮ್ಮನ ಮುಂದೆ ಬಂದು ತಲೆ ಬಗ್ಗಿಸಿದರಂತೆ. ಅಮ್ಮನ ಕೈ ಮೇಲೆ ಬರಲಿಲ್ಲ. ಅವರು ಬಗ್ಗಿಯೇ ನಿಂತಿದ್ದರು. ಕೊನೆಗೆ ಅಮ್ಮ, ಗಾಳಿ ಇದೆ, ಕೋಟಿನ ಗುಂಡಿ ಹಾಕಿಕೊಳ್ಳಿ ಎಂದಳಂತೆ. ಅವಳು ಅವರ ಎದುರಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವರಿಗೆ ನಮ್ಮ ಮಾತಿನ ಆ ಸೂಕ್ಷ್ಮ ಗೊತ್ತಿತ್ತೋ ಇಲ್ಲವೋ, ಮುಖ ಮಾತ್ರ ಸಣ್ಣದಾಯಿತು ಎಂದ ಬರ್ನಾಬ.

ಮಿರೇಲಕ್ಕ ಗಂಡನ ಕರ್ಮ ಮಾಡಿದಳು. ಅವರ ಪದ್ಧತಿಯಂತೆ ಒಂಬತ್ತು ದಿನ. ಕೇರಿಯ ಎಲ್ಲ ಮನೆಯವರೂ ಒಂದೊಂದು ಪಾತ್ರೆ ಹಿಡಿದುಕೊಂಡು ಬಂದರು. ಕೆಲವರು ಅವಳ ಮುಖ ನೋಡಲಾರದೆ ಪಾತ್ರೆಯನ್ನು ಹೊಸ್ತಿಲಿನಲ್ಲಿಟ್ಟು ಹೋದರು. ಕೊನೆಯ ದಿನ ಅವಳು ಆನ್ಸೆಲ್‌ನ ಬಗ್ಗೆ ಹೇಳಿದಳು. ಅಲ್ಲಿಯ ತನಕ ಅವನನ್ನು ಕರೆದೊಯ್ದ ದಿನದ ಸಂಗತಿಯಷ್ಟೇ ನಮಗೆ ಗೊತ್ತಿದ್ದದ್ದು. ಅವನಿಗೆ ಈಜು ಬರುತ್ತಿರಲಿಲ್ಲವಂತೆ, ಅವಳನ್ನು ನೋಡಲು ಬರುವಾಗ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ಹೊಳೆ ದಾಟುತ್ತಿದ್ದನಂತೆ. ಒಂದು ದಿನ ಕಾಲು ಜಾರಿ ಸೈಕಲ್ಲು ತೇಲಿಹೋಗಿ, ಮಾವನ ಮನೆಗೆ ಒದ್ದೆ ಬಟ್ಟೆಯಲ್ಲಿ ಬಂದು, ಹೆಣ್ಣು ಕೇಳುವುದರ ಬದಲು ಸೈಕಲ್ಲು ಕಂಡಿರಾ ಎಂದು ಕೇಳಿದನಂತೆ. ಅವಳು ನಕ್ಕಳು. ನಾವೂ ನಕ್ಕೆವು.

ಆ ವರ್ಷವೂ ಕಲ್ಲಿದ್ದಲು ಬಂತು. ಉರಿಸಬೇಕೋ ಬೇಡವೋ ಎಂದು ಕೇರಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಅದನ್ನು ಮುಗಿಸಿದವಳು ಮಿರೇಲಕ್ಕನೇ. ಮಕ್ಕಳು ಚಳಿಯಲ್ಲಿ ಮಲಗಿದರೆ ನನ್ನ ಗಂಡ ಎದ್ದು ಬರುತ್ತಾನಾ ಎಂದು ಕೇಳಿದಳು. ಎಲ್ಲರೂ ಉರಿಸಿದರು, ಅವಳು ಉರಿಸಲಿಲ್ಲ. ಅಮ್ಮ ಫೋಟೋವನ್ನು ಗೋಡೆಯಿಂದ ಇಳಿಸಿದಳು. ಎಸೆಯಲೂ ಇಲ್ಲ, ಎಲ್ಲಿಟ್ಟಳು ಎಂದು ನಾನು ಕೇಳಲೂ ಇಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ರೇಡಿಯೋದಲ್ಲಿ ಅಧ್ಯಕ್ಷರು ತೀರಿಕೊಂಡ ಸುದ್ದಿ ಬಂತು. ಸೇತುವೆಯ ಆಚೆ ಕಾರುಗಳು ಹಾರ್ನ್ ಹೊಡೆದವು, ಯಾರೋ ಪಟಾಕಿ ಹಚ್ಚಿದರು. ಮಿರೇಲಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿದಳು, ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಮುಗಿಸಿದಳು. ಅಮ್ಮ ಮನೆಗೆ ಹೋದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ನಾನು ಹೋಗಿ ನೋಡಿದಾಗ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸತ್ತವರ ಹೆಸರಿನಲ್ಲಿ ದೀಪ ಹಚ್ಚುವುದು ನಮ್ಮ ಪದ್ಧತಿ. ದೀಪ ಮುಂದಿತ್ತು, ಎಣ್ಣೆ ಹಾಕಿತ್ತು, ಬತ್ತಿಯೂ ಇತ್ತು. ಹಚ್ಚಿರಲಿಲ್ಲ.

ನನ್ನ ಬೆನ್ನ ಹಿಂದೆ ಮಿರೇಲಕ್ಕ ಬಂದು ನಿಂತದ್ದು ನನಗೆ ತಿಳಿದಿರಲಿಲ್ಲ. ಅಮ್ಮ ಅವಳನ್ನು ನೋಡಿ ಸೆರಗಿನಿಂದ ದೀಪವನ್ನು ಮುಚ್ಚಲು ಹೋದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗಾಗಿತ್ತು ಅವಳ ಮುಖ. ನನ್ನ ಕೈಯಿಂದ ಉಂಡವನು ಕಣೇ, ಏನು ಮಾಡಲಿ ಎಂದಳು.

ಮಿರೇಲಕ್ಕ ನೆಲದ ಮೇಲೆ ಅಮ್ಮನ ಪಕ್ಕದಲ್ಲಿ ಕೂತಳು. ಬೆಂಕಿಪೊಟ್ಟಣವನ್ನು ಎತ್ತಿ ಅಮ್ಮನ ಕೈಯಲ್ಲಿಟ್ಟಳು.

"ನೀವು ಉಣಿಸಿದವರು, ನೀವು ಅಳಿ," ಎಂದಳು. "ನಾನು ಅಳುವುದಿಲ್ಲ. ಕೂತಿರುತ್ತೇನೆ."

ಅಮ್ಮ ದೀಪ ಹಚ್ಚಿದಳು. ಅದು ಉರಿದು ಎಣ್ಣೆ ಮುಗಿಯುವ ತನಕ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು.